ಅಂದಾಜುಪಟ್ಟಿಯಲ್ಲಿ ವಾಷರ್‌ಗೆ ಒಂದು ಸಾಲು

ದೇವದುರ್ಗ ತಾಲ್ಲೂಕಿನ ಗೂಗಲ್ ಬಳಿ ಕೃಷ್ಣೆಗೆ ಅಡ್ಡಲಾಗಿ ಬ್ರಿಡ್ಜ್ ಕಂ ಬ್ಯಾರೇಜ್ ಇದೆ. ಇಂಥ ಕಟ್ಟಡವೊಂದರ ಲೆಕ್ಕ ಬರೆಯುವಾಗ ಕಾಂಕ್ರೀಟನ್ನು ಘನಮೀಟರಿನಲ್ಲಿ, ಗೇಟಿನ ಉಕ್ಕನ್ನು ಟನ್ನಿನಲ್ಲಿ ಬರೆಯುತ್ತಾರೆ. ಬಣ್ಣ ಎಷ್ಟು ಪದರ ಎಂದೂ ನಮೂದಿಸುತ್ತಾರೆ. ಆ ಗೇಟಿನ ರಬ್ಬರ್ ಸೀಲನ್ನು, ಗಾಲಿಯನ್ನು, ಕಾಲುಹಾದಿಯ ಚೌಕಟ್ಟನ್ನು ಹಿಡಿದು ನಿಲ್ಲಿಸುವ ಜೋಡಣೆಯ ಸಾಮಾನಿಗೆ ಮಾತ್ರ ‘ನಟ್ಟು, ಬೋಲ್ಟು, ವಾಷರ್ ಇತ್ಯಾದಿ ಸೇರಿ’ ಎಂಬ ಬಾಲಂಗೋಚಿಯೇ ಗತಿ. ಬ್ಯಾರೇಜುಗಳಷ್ಟೇ ಅಲ್ಲ, ರಾಯಚೂರು, ಮಾನ್ವಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲೂ ಹತ್ತಿ ಜಿನ್ನಿಂಗ್ ಕಾರ್ಖಾನೆಗಳಲ್ಲೂ ರೂಢಿ ಇದೇ. ಬೋಲ್ಟಿನ ಅಳತೆ ಹೇಳಿದರೆ ಅಂಗಡಿಯವನು ಅದಕ್ಕೆ ಹಿಡಿಯುವ ವಾಷರನ್ನು ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾನೆ. ಈ ರೂಢಿ ತಪ್ಪು ಎಂಬುದು ನನ್ನ ವಾದ. ಎಲ್ಲಿ ಜೋಡಣೆ ಸಡಿಲವಾದರೆ ನೀರೋ ಧಾನ್ಯವೋ ವಿದ್ಯುತ್ತೋ ನಷ್ಟವಾಗುತ್ತದೆಯೋ ಅಲ್ಲೆಲ್ಲ ವಾಷರಿನ ವಿವರವನ್ನು ಬರೆದೇ ಕೊಡಬೇಕು, ಮತ್ತು ಆ ವಿವರ ರಂಧ್ರದ ಅಳತೆಯಿಂದ ಹುಟ್ಟದೆ ಅದು ಹೊರಬೇಕಾದ ಭಾರದಿಂದ ಹುಟ್ಟಬೇಕು.

ಭಾರ ಎಂದರೆ ಎಷ್ಟು ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ನೋಡಬಹುದು. 16 ಮಿಲಿಮೀಟರಿನ, 8.8 ದರ್ಜೆಯ ಬೋಲ್ಟು ನಮ್ಮ ಕಾರ್ಖಾನೆಗಳಲ್ಲಿ ತೀರ ಸಾಮಾನ್ಯ. ಅದರ ಎಳೆಯ ಭಾಗದಲ್ಲಿ ಭಾರ ಹೊರುವ ಅಡ್ಡಕೊಯ್ತ 157 ಚದರ ಮಿಲಿಮೀಟರ್. ಅದರ ಸಹನಶಕ್ತಿಯ ಮುಕ್ಕಾಲು ಪಾಲಿನವರೆಗೆ ಬಿಗಿದರೆ ಬೋಲ್ಟಿನೊಳಗೆ ಸುಮಾರು 68 ಕಿಲೋನ್ಯೂಟನ್ ಸೆಳೆತ ನಿಲ್ಲುತ್ತದೆ, ಅಂದರೆ ಹತ್ತಿರಹತ್ತಿರ 7 ಟನ್. ಈ ಅಷ್ಟೂ ಭಾರ ಬೋಲ್ಟಿನ ತಲೆಯ ಕೆಳಗಿನ ಕಿರಿದಾದ ಉಂಗುರದ ಮೇಲೆ ಕೂರುತ್ತದೆ. ರಂಧ್ರ 17.5 ಮಿಲಿಮೀಟರ್, ತಲೆಯ ಒತ್ತುವ ಮುಖ 22.5 ಮಿಲಿಮೀಟರ್ ಎಂದು ಹಿಡಿದರೆ ಆ ಉಂಗುರದ ವಿಸ್ತೀರ್ಣವೂ ಸುಮಾರು 157 ಚದರ ಮಿಲಿಮೀಟರ್ ಮಾತ್ರ. ಒತ್ತಡ ಚದರ ಮಿಲಿಮೀಟರಿಗೆ 430 ನ್ಯೂಟನ್ ದಾಟುತ್ತದೆ. ಸಾಮಾನ್ಯ ಮೃದು ಉಕ್ಕು 250ರ ಆಸುಪಾಸಿನಲ್ಲೇ ಮಣಿಯತೊಡಗುವ ಲೋಹ. ಹೀಗಾಗಿ ಬರಿಯ ತಲೆ ನಿಧಾನವಾಗಿ ತಗಡಿನೊಳಕ್ಕೆ ಹೂತುಕೊಳ್ಳುತ್ತದೆ, ಹೂತಷ್ಟೂ ಬೋಲ್ಟಿನ ಸೆಳೆತ ಇಳಿಯುತ್ತದೆ. ಮಳೆ ಬಿದ್ದ ಎರೆಹೊಲದಲ್ಲಿ ಹಲಗೆ ಹಾಸಿ ದಾಟುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 30 ಮಿಲಿಮೀಟರ್ ಹೊರವ್ಯಾಸ, 3 ಮಿಲಿಮೀಟರ್ ದಪ್ಪದ ವಾಷರ್ ಹಾಕಿದರೆ ಅದೇ ಭಾರ ಹರಡಿಕೊಂಡು ಒತ್ತಡ 170ರ ಸುಮಾರಿಗೆ ಇಳಿಯುತ್ತದೆ. ಇಲ್ಲಿ ದಪ್ಪವನ್ನು ಮರೆಯಬಾರದು. ತಲೆಯ ಅಂಚಿನಿಂದ ಆಚೆಗೆ ವಾಷರ್ ಹೆಚ್ಚುಕಡಿಮೆ ತನ್ನ ದಪ್ಪದಷ್ಟು ದೂರ ಮಾತ್ರ ಭಾರವನ್ನು ಹರಡಬಲ್ಲದು. ತೆಳುವಾದ ವಾಷರಿನ ಹೊರವ್ಯಾಸವನ್ನು ಎಷ್ಟು ಹಿಗ್ಗಿಸಿದರೂ ಅದರ ಅಂಚು ಬಟ್ಟಲಿನಂತೆ ಮೇಲೇಳುತ್ತದೆಯೇ ಹೊರತು ಕೆಲಸಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ತೂಕಕ್ಕೆ ಮಾರುವ ತೆಳುವಾಷರುಗಳ ದೋಷ ಇಲ್ಲಿದೆ. ಒಂದು ಕಿಲೋಗೆ ಹೆಚ್ಚು ಸಂಖ್ಯೆ ಸಿಗುತ್ತದೆ, ಒಂದೊಂದೂ ಕಡಿಮೆ ಭಾರ ಹರಡುತ್ತದೆ.

ಎರಡನೆಯ ಸಾಕ್ಷ್ಯ ಘರ್ಷಣೆಯದು. ಪಾನಾ ಹಾಕಿ ನಟ್ಟನ್ನು ತಿರುಗಿಸುವ ಶ್ರಮದಲ್ಲಿ ಸುಮಾರು ಅರ್ಧದಷ್ಟು ನಟ್ಟಿನ ಅಥವಾ ತಲೆಯ ಕೆಳಗಿನ ಉಜ್ಜಾಟಕ್ಕೆ ಹೋಗುತ್ತದೆ, ಶೇ 40ರಷ್ಟು ಎಳೆಗಳ ಉಜ್ಜಾಟಕ್ಕೆ. ಬೋಲ್ಟನ್ನು ನಿಜವಾಗಿ ಸೆಳೆದು ಹಿಡಿಯಲು ಉಳಿಯುವುದು ಹತ್ತರಲ್ಲಿ ಒಂದು ಪಾಲು. ತಲೆಯ ಕೆಳಗೆ ಇರುವುದು ವಾಷರ್. ಅಂದಮೇಲೆ ಶ್ರಮದ ಅರ್ಧ ಭಾಗ ಎಲ್ಲಿ ಹೋಗಬೇಕು ಎಂಬುದನ್ನು ಆ ವಾಷರಿನ ಮೈಯೇ ನಿರ್ಧರಿಸುತ್ತದೆ. ಮೇಲಿನ 16 ಮಿಲಿಮೀಟರ್ ಬೋಲ್ಟನ್ನೇ 218 ನ್ಯೂಟನ್‌ಮೀಟರಿಗೆ ಬಿಗಿಯೋಣ. ವಾಷರ್ ನುಣುಪಾಗಿದ್ದು ಎಣ್ಣೆ ಸವರಿದ್ದರೆ ಒಳಗಿನ ಸೆಳೆತ 90 ಕಿಲೋನ್ಯೂಟನ್‌ವರೆಗೆ ಏರಿ ಬೋಲ್ಟು ತನ್ನ ಸಹನೆಯ ಅಂಚಿಗೆ ಬರಬಹುದು. ವಾಷರ್ ತುಕ್ಕು ಹಿಡಿದು ತರಿತರಿಯಾಗಿದ್ದರೆ ಅದೇ ಬಿಗಿತಕ್ಕೆ 55 ಕೂಡ ಸಿಗದಿರಬಹುದು. ಟಾರ್ಕ್ ಪಾನಾ ಎರಡೂ ಸಲ ಒಂದೇ ಅಂಕಿ ತೋರಿಸುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರದ ಕೈಪಿಡಿಯಲ್ಲಿ ಬಿಗಿತದ ಅಂಕಿಯನ್ನು ಅಚ್ಚುಕಟ್ಟಾಗಿ ಮುದ್ರಿಸಿ, ಯಾವ ಮೈಯ ವಾಷರ್ ಎಂದು ಬರೆಯದೆ ಬಿಟ್ಟರೆ ಆ ಅಂಕಿಗೆ ಅರ್ಥವೇ ಉಳಿಯುವುದಿಲ್ಲ.

ನಮ್ಮಲ್ಲಿ ಬೇರೂರಿದ ಒಂದು ನಂಬಿಕೆಯನ್ನೂ ಇಲ್ಲಿ ಎದುರಿಸಬೇಕು. ನಡುಗುವ ಯಂತ್ರವಾದರೆ ಸ್ಪ್ರಿಂಗ್ ವಾಷರ್ ಹಾಕು, ಮತ್ತೆ ಸಡಿಲವಾಗುವುದಿಲ್ಲ ಎಂಬುದು ಆ ನಂಬಿಕೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸಡಿಲವಾಗುವ ಬಗೆಯನ್ನೇ ಬೇರೆಯಾಗಿ ತೋರಿಸಿದವು. ಜೋಡಿಸಿದ ಎರಡು ತಗಡುಗಳು ಬೋಲ್ಟಿಗೆ ಅಡ್ಡಡ್ಡಲಾಗಿ ಜಾರಾಡತೊಡಗಿದಾಗ ಎಳೆಗಳ ಹಿಡಿತ ತಪ್ಪಿ ನಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಜಾರಾಟವನ್ನು ತಡೆಯುವುದು ಬೋಲ್ಟಿನ ಸೆಳೆತ. ಸೀಳಿದ ಸುರುಳಿಯಂತಿರುವ ಸ್ಪ್ರಿಂಗ್ ವಾಷರ್ ಪೂರ್ಣ ಬಿಗಿತದ ಒಂದು ಸಣ್ಣ ಪಾಲಿಗೇ ಚಪ್ಪಟೆಯಾಗಿಬಿಡುತ್ತದೆ, ಆಮೇಲೆ ಅದು ಸಾಧಾರಣ ವಾಷರೇ. ಅಮೆರಿಕದ ನಾಸಾ 1990ರಲ್ಲಿ ಹೊರತಂದ ಬಿಗಿಸಾಮಾನುಗಳ ಕೈಪಿಡಿ ಇದನ್ನೇ ಖಂಡತುಂಡವಾಗಿ ಹೇಳಿತು. ಜರ್ಮನಿಯಲ್ಲಿ ಇಂಥ ವಾಷರಿಗಿದ್ದ ಡಿನ್ 127 ಮಾನಕವನ್ನು ಹಿಂತೆಗೆದುಕೊಂಡೂ ಆಗಿದೆ. ನಮ್ಮ ಐಎಸ್ 3063 ಈ ವಾಷರಿನ ಅಳತೆಯನ್ನು ಸರಿಯಾಗಿಯೇ ಹೇಳುತ್ತದೆ. ಅಳತೆ ಸರಿಯಿದ್ದ ಮಾತ್ರಕ್ಕೆ ಅದು ಕಂಪನವನ್ನು ತಡೆಯುತ್ತದೆ ಎಂದಾಗುವುದಿಲ್ಲ. ಗಿರಣಿಯ ಜರಡಿ ಹಗಲಿರುಳು ಅಲುಗುವಲ್ಲಿ ಬೇಕಾದದ್ದು ಗಡುಸಾದ ದಪ್ಪ ವಾಷರ್, ತಕ್ಕಷ್ಟು ಉದ್ದದ ಬೋಲ್ಟು, ಸರಿಯಾದ ಬಿಗಿತ. ಅದೂ ಸಾಲದಿದ್ದರೆ ಓರೆಹಲ್ಲಿನ ಜೋಡಿ ವಾಷರುಗಳಂಥ ಬೇರೆ ಉಪಾಯಗಳಿವೆ.

ಇನ್ನು ರಂಧ್ರದ ಅಳತೆಗೆ ಬರೋಣ. ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಸೂತಿನ ಲೆಕ್ಕ ಇನ್ನೂ ಜೀವಂತ. ನಾಲ್ಕು ಸೂತಿನ ಬೋಲ್ಟು ಎಂದರೆ ಅರ್ಧ ಇಂಚು, 12.7 ಮಿಲಿಮೀಟರ್. ಹೊಸ ಯಂತ್ರಗಳಲ್ಲಿ ಬರುವುದು 12 ಮಿಲಿಮೀಟರಿನದು. 12ರ ಬೋಲ್ಟಿಗೆಂದು ಮಾಡಿದ ವಾಷರಿನ ರಂಧ್ರ 13 ಮಿಲಿಮೀಟರ್ ಇರುವುದರಿಂದ ಅದರೊಳಗೆ ನಾಲ್ಕು ಸೂತಿನ ಬೋಲ್ಟೂ ಸಲೀಸಾಗಿ ತೂರುತ್ತದೆ. ತೂರಿತು ಎಂಬುದೇ ಸರಿಯಾಯಿತು ಎಂಬುದಕ್ಕೆ ಪುರಾವೆಯಾಗಿಬಿಡುತ್ತದೆ. ಬಾಕ್ಸಿನಲ್ಲಿ ಎರಡೂ ಬಗೆ ಬೆರೆತು ಹೋದಮೇಲೆ ದಪ್ಪ ಯಾವುದು, ಹೊರವ್ಯಾಸ ಯಾವುದು, ಗಡಸು ಎಷ್ಟು ಎಂದು ಕೇಳುವವರೇ ಇರುವುದಿಲ್ಲ. ರಂಧ್ರವೊಂದನ್ನೇ ನೋಡಿ ವಾಷರ್ ಆರಿಸುವುದು ಎಷ್ಟು ಕುರುಡು ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ.

ಹಾಗಾದರೆ ಪ್ರತಿಯೊಂದಕ್ಕೂ ವಿಶೇಷ ವಾಷರ್ ಮಾಡಿಸಬೇಕೇ ಎಂದು ಯಾರಾದರೂ ಕೇಳುವುದು ಸಹಜ. ಖಂಡಿತ ಬೇಡ. ಭಾರತೀಯ ಮಾನಕಗಳಲ್ಲಿ ಬಹುತೇಕ ಅಗತ್ಯಗಳಿಗೆ ಉತ್ತರ ಸಿದ್ಧವಾಗಿದೆ. ಸಾಧಾರಣ ವಾಷರಿಗೆ ಐಎಸ್ 2016, ಹೊರವ್ಯಾಸ ಒಳವ್ಯಾಸದ ಮೂರರಷ್ಟು ಇರುವ ಅಗಲ ವಾಷರಿಗೆ ಐಎಸ್ 5370, ಉಕ್ಕಿನ ಕಟ್ಟಡಗಳ ಭಾರಿ ವಾಷರಿಗೆ ಐಎಸ್ 6610, ಹೆಚ್ಚು ಬಲದ ಬೋಲ್ಟುಗಳ ಗಡಸು ವಾಷರಿಗೆ ಐಎಸ್ 6649 ಇವೆ. ಚಾನೆಲ್ ಮತ್ತು ತೊಲೆಗಳ ಒಳಮೈ ಇಳಿಜಾರಾಗಿರುತ್ತದೆ, ಚಾನೆಲಿನಲ್ಲಿ ಸುಮಾರು 6 ಡಿಗ್ರಿ, ಐ ತೊಲೆಯಲ್ಲಿ ಸುಮಾರು 8 ಡಿಗ್ರಿ. ಅಲ್ಲಿ ಚಪ್ಪಟೆ ವಾಷರ್ ಹಾಕಿದರೆ ಬೋಲ್ಟು ಬಾಗುತ್ತದೆಂದೇ ಐಎಸ್ 5372, 5374 ಓರೆ ವಾಷರುಗಳನ್ನು ಗೊತ್ತುಪಡಿಸಿವೆ. ಅಂದಾಜುಪಟ್ಟಿಯಲ್ಲಿ ಈ ಅಂಕಿಗಳಲ್ಲೊಂದನ್ನು ಬೋಲ್ಟಿನ ಅಳತೆಯೊಡನೆ ಬರೆದರೂ ಸಾಕು, ಅರ್ಧ ಯುದ್ಧ ಗೆದ್ದಂತೆ. ಮಾನಕದ ವಾಷರ್ ಎಲ್ಲಿ ಕೈಕೊಡುತ್ತದೆ ಎಂಬುದನ್ನು ಗುರುತಿಸುವುದೇ ವಿನ್ಯಾಸಕಾರನ ನಿಜವಾದ ಕೆಲಸ. ಅಂಥ ಜಾಗಗಳು ಕಡಿಮೆ, ಆದರೆ ತೊಂದರೆ ಹುಟ್ಟುವುದು ಅಲ್ಲಿಯೇ.

ನದಿಯ ಗೇಟನ್ನೇ ನೋಡಿ. ಗೇಟಿನ ಹಿಂದೆ 5 ಮೀಟರ್ ನೀರು ನಿಂತರೆ ತಳದಲ್ಲಿ ಪ್ರತಿ ಚದರ ಮೀಟರಿಗೆ 5 ಟನ್ ಒತ್ತಡ ಬೀಳುತ್ತದೆ. ಆ ನೀರು ಸೋರದಂತೆ ತಡೆಯುವುದು ಅಂಚಿಗೆ ಬಿಗಿದ ರಬ್ಬರ್ ಸೀಲು. ರಬ್ಬರಿಗೆ ಒಂದು ಸ್ವಭಾವವಿದೆ: ಅದನ್ನು ಒತ್ತಿದರೆ ಕುಗ್ಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಬೋಲ್ಟಿನ ಕೆಳಗೆ ಚಿಕ್ಕ ವಾಷರ್ ಹಾಕಿ ಬಿಗಿದರೆ ಅಲ್ಲಿ ತಗ್ಗಿ, ಎರಡು ಬೋಲ್ಟುಗಳ ನಡುವೆ ಉಬ್ಬಿ, ಸೀಲಿನ ಅಂಚು ಅಲೆಅಲೆಯಾಗುತ್ತದೆ; ಆ ಅಲೆಯ ತಗ್ಗಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ. ಇದಕ್ಕಾಗಿ ಉದ್ದದ ಪಟ್ಟಿ ಹಾಕಿ ಬಿಗಿಯುವುದು, ರಬ್ಬರನ್ನು ಇಂತಿಷ್ಟೇ ಒತ್ತುವಂತೆ ಬೋಲ್ಟಿನ ಸುತ್ತ ಅಳತೆಯ ಬುಶ್ ಕೂರಿಸುವುದು ತಿಳಿದವರ ಕ್ರಮ. ಸೀಲನ್ನು ಹಿಂದೆ ಮುಂದೆ ಸರಿಸಿ ಹೊಂದಿಸಲು ರಂಧ್ರಗಳನ್ನು ಉದ್ದವಾಗಿ ಕೊರೆದಿದ್ದರೆ ಇನ್ನೊಂದು ಸಮಸ್ಯೆ. 40 ಮಿಲಿಮೀಟರ್ ಉದ್ದದ ಸೀಳಿನ ಮೇಲೆ 30 ಮಿಲಿಮೀಟರಿನ ವಾಷರ್ ಇಟ್ಟರೆ ಅದು ಎರಡು ಕಡೆ ಮಾತ್ರ ಆನಿಕೊಂಡು ನಡುವೆ ಬಾಗುತ್ತದೆ. ಅಮೆರಿಕದ ಉಕ್ಕಿನ ಕಟ್ಟಡಗಳ ಬೋಲ್ಟು ನಿಯಮಗಳು ಹೊರಪದರದ ಉದ್ದ ಸೀಳಿಗೆ ಕನಿಷ್ಠ 5/16 ಇಂಚು, ಅಂದರೆ 8 ಮಿಲಿಮೀಟರ್ ದಪ್ಪದ, ಸೀಳನ್ನು ಪೂರ್ತಿ ಮುಚ್ಚುವ ತಗಡು ವಾಷರನ್ನು ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ. ಇಂಥದ್ದು ಯಾವ ಅಂಗಡಿಯ ಬಾಕ್ಸಿನಲ್ಲೂ ಸಿಗುವುದಿಲ್ಲ, ಕತ್ತರಿಸಿ ಕೊರೆದು ಮಾಡಿಸಬೇಕು. ಲೋಹದ ಆಯ್ಕೆಯೂ ಇಲ್ಲಿ ಸೇರುತ್ತದೆ. ಸ್ಟೇನ್‌ಲೆಸ್ ಬೋಲ್ಟು ತರಿಸಿ ಅದರ ಕೆಳಗೆ ಸತುವಿನ ತೆಳುಲೇಪದ ಸಾದಾ ವಾಷರ್ ಹಾಕಿದರೆ ನೀರಿನಲ್ಲಿ ಮೊದಲು ಕರಗುವುದು ಸತು, ಆಮೇಲೆ ವಾಷರು. ದುಬಾರಿ ಬೋಲ್ಟು ಹೊಳೆಯುತ್ತ ಉಳಿಯುತ್ತದೆ, ಹಿಡಿತ ಮಾತ್ರ ಇರುವುದಿಲ್ಲ.

ಗಿರಣಿಯೊಳಗೆ ಲೆಕ್ಕ ಬೇರೆ. ಭತ್ತವನ್ನು ಮೇಲಕ್ಕೆ ಸಾಗಿಸುವ ಎಲಿವೇಟರಿನ ಬಕೆಟ್ಟುಗಳನ್ನು ಬೆಲ್ಟಿಗೆ ಬೋಲ್ಟು ಹಾಕಿ ಹಿಡಿದಿರುತ್ತಾರೆ. ಬೆಲ್ಟು ಮೆತ್ತಗಿನದು, ಬಕೆಟ್ಟು ತೆಳುತಗಡಿನದು. ಇಲ್ಲಿ ಬೇಕಾದದ್ದು ಅಗಲವಾದ, ಅಂಚು ಉರುಟಾದ ವಾಷರ್. ಪ್ರೆಸ್ಸಿನಲ್ಲಿ ಹೊಡೆದ ವಾಷರಿಗೆ ಒಂದು ಮುಖ ನುಣುಪು, ಇನ್ನೊಂದು ಮುಖಕ್ಕೆ ಚೂಪಾದ ಬರ್ ಇರುತ್ತದೆ. ಬರ್ ಬೆಲ್ಟಿನ ಕಡೆ ಬಂದರೆ ಅದು ದಿನಕ್ಕೆ ಸಾವಿರಾರು ಸಲ ಕೊಯ್ಯುತ್ತಲೇ ಇರುತ್ತದೆ. ಬರ್ ತೆಗೆದಿರಬೇಕು ಎಂಬ ಒಂದೇ ಮಾತನ್ನು ಬರೆದು ಕೊಟ್ಟರೆ ಬೆಲ್ಟಿನ ಆಯುಷ್ಯ ಹೆಚ್ಚುತ್ತದೆ. ವಿದ್ಯುತ್ತಿನ ಜೋಡಣೆಗಳಲ್ಲಿ ಶತ್ರು ಬಿಸಿ. ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು, ಅದರ ಮೇಲೆ ವಿದ್ಯುತ್ ಹರಿದ ಕಾವು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ಹಗಲು ಹಿಗ್ಗಿ ಉಕ್ಕಿನ ಬೋಲ್ಟಿಗೆ ಸಿಕ್ಕಿ ಹಿಸುಕಿಕೊಳ್ಳುತ್ತದೆ, ರಾತ್ರಿ ಕುಗ್ಗಿದಾಗ ಹಿಡಿತ ಸಡಿಲ. ಸಡಿಲವಾದಷ್ಟೂ ಜೋಡಣೆ ಹೆಚ್ಚು ಬಿಸಿಯಾಗುತ್ತದೆ. ಫ್ರಾನ್ಸಿನ ಜೂಲಿಯನ್ ಬೆಲ್‌ವಿಲ್ 1867ರಲ್ಲಿ ಪೇಟೆಂಟ್ ಪಡೆದ ಬಟ್ಟಲಾಕಾರದ ತಟ್ಟೆವಾಷರ್ ಇಂಥಲ್ಲಿ ಉಪಯುಕ್ತ. ಲೋಹ ಕುಗ್ಗಿದಾಗ ತಾನು ಅರಳಿ ಸೆಳೆತವನ್ನು ಉಳಿಸುತ್ತದೆ. ಎಷ್ಟು ಭಾರಕ್ಕೆ ಎಷ್ಟು ತಗ್ಗಬೇಕು ಎಂದು ಬರೆಯದೆ ಅದನ್ನು ತರಿಸುವುದರಲ್ಲಿ ಮಾತ್ರ ಅರ್ಥವಿಲ್ಲ.

ಸಣ್ಣ ಭಾಗಕ್ಕೆ ಇಷ್ಟೊಂದು ಚಿಂತೆ ಏಕೆ ಎಂಬ ಪ್ರಶ್ನೆಗೆ ರಾಯಚೂರು ಜಿಲ್ಲೆ 2024ರ ಆಗಸ್ಟಿನಲ್ಲೇ ಉತ್ತರ ಕಂಡಿದೆ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿ ನಿಂತಿದ್ದ ನೀರನ್ನು ದಿನಗಟ್ಟಲೆ ನದಿಗೆ ಬಿಡಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ಒಂದು ವಾರದೊಳಗೆ ತಡೆದರು. ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರು, ಮಾನ್ವಿಯ ರೈತರು ಆ ವಾರವನ್ನು ಹೇಗೆ ಕಳೆದರೆಂದು ಊಹಿಸಬಹುದು. ಅಲ್ಲಿ ಕೈಕೊಟ್ಟದ್ದು ವಾಷರಲ್ಲ, ಸರಪಳಿಯ ಕೊಂಡಿ. ಎರಡನ್ನೂ ಒಂದೇ ಎನ್ನುವುದು ಸುಳ್ಳಾಗುತ್ತದೆ. ಆದರೆ ಇಡೀ ಗೇಟಿನ ಭಾರ ಕಟ್ಟಕಡೆಗೆ ಕೈಯಲ್ಲಿ ಹಿಡಿಯಬಹುದಾದಷ್ಟು ಲೋಹದ ಮೇಲೆ ನಿಂತಿರುತ್ತದೆ ಎಂಬ ಮಾತು ಎರಡಕ್ಕೂ ಅನ್ವಯಿಸುತ್ತದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ದೊಡ್ಡ ಅಣೆಕಟ್ಟುಗಳನ್ನು ಮುಂಗಾರಿನ ಮೊದಲೂ ನಂತರವೂ ತಪಾಸಣೆ ಮಾಡಬೇಕೆಂದು ವಿಧಿಸಿದೆ. ತಪಾಸಣೆಗೆ ಹೋದವರ ಕೈಯಲ್ಲಿ, ಇಲ್ಲಿ ಇಂಥ ದಪ್ಪದ, ಇಂಥ ಲೋಹದ ವಾಷರ್ ಇರಬೇಕು ಎಂಬ ಕಾಗದ ಇಲ್ಲದಿದ್ದರೆ ಅವರು ಯಾವುದಕ್ಕೆ ಹೋಲಿಸಿ ನೋಡಬೇಕು?

ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಖರ್ಚಿನದು. ವಿಶೇಷ ವಾಷರಿಗೆ ಡೈ ಮಾಡಿಸಬೇಕು, ನಾಲ್ಕು ಕಾಸಿನ ವಸ್ತುವಿಗೆ ನಲವತ್ತು ಕಾಸು ತೆರಬೇಕು ಎನ್ನುತ್ತಾರೆ. ಲಕ್ಷ ಸಂಖ್ಯೆಯಲ್ಲಿ ಬೇಕಾದವರಿಗೆ ಡೈಯ ವೆಚ್ಚ ಹಂಚಿಹೋಗುತ್ತದೆ. ನೂರಿನ್ನೂರು ಬೇಕಾದವರಿಗೆ ಡೈಯೇ ಬೇಡ, ಲೇತಿನಲ್ಲಿ ತಿರುಗಿಸಿ ಅಥವಾ ಲೇಸರಿನಲ್ಲಿ ಕೊರೆಸಿ ಮಾಡಿಸಬಹುದು, ಮತ್ತು ಆ ಕೆಲಸ ಜಿಲ್ಲಾ ಕೇಂದ್ರದ ವರ್ಕ್‌ಶಾಪುಗಳ ಕೈಗೆ ಎಟುಕುವಂಥದ್ದು. ವೆಚ್ಚ ನಿಜವಾಗಿ ಏರುವುದು ಬೇಡದ ಕಡೆ ಬಿಗಿಯಾದ ಅಳತೆ ಕೇಳಿದಾಗ. ಹೊರವ್ಯಾಸದಲ್ಲಿ ಅರ್ಧ ಮಿಲಿಮೀಟರ್ ಆಚೀಚೆಯಾದರೆ ಹೆಚ್ಚಿನ ಜೋಡಣೆಗಳಿಗೆ ನಷ್ಟವಿಲ್ಲ. ದಪ್ಪ ಮತ್ತು ಚಪ್ಪಟೆತನ ತಪ್ಪಿದರೆ ನಷ್ಟವಿದೆ. ಯಾವುದನ್ನು ಬಿಗಿಯಾಗಿ ಕೇಳಬೇಕು, ಯಾವುದನ್ನು ಸಡಿಲ ಬಿಡಬೇಕು ಎಂದು ತಿಳಿದು ಬರೆದ ವಿವರ ಖರ್ಚನ್ನು ಇಳಿಸುತ್ತದೆ. ಇನ್ನೊಂದು ಕಡೆಯ ಲೆಕ್ಕವನ್ನೂ ಇಡಿ: ಹೊಳೆ ತುಂಬಿದಾಗ ಗೇಟಿನ ತಳದ ಬೋಲ್ಟಿಗೆ ಯಾರೂ ಕೈ ಹಾಕಲಾರರು, ಸುಗ್ಗಿಯಲ್ಲಿ ಗಿರಣಿ ನಿಂತರೆ ಅಂಗಳದ ಭತ್ತ ಕಾಯುವುದಿಲ್ಲ.

ಮಿಸ್ತ್ರಿಯ ಅನುಭವದ ಮುಂದೆ ಕಾಗದ ಏನು ಮಾಡೀತು ಎಂಬ ಮಾತಿಗೂ ತೂಕವಿದೆ. ಮೂವತ್ತು ವರ್ಷ ಪಾನಾ ಹಿಡಿದ ಕೈಗೆ ಬಿಗಿತ ಗೊತ್ತಾಗುತ್ತದೆ, ಯಾವ ಜಾಗಕ್ಕೆ ಎರಡು ವಾಷರ್ ಬೇಕೆಂಬುದೂ ಗೊತ್ತಾಗುತ್ತದೆ. ಆ ತಿಳಿವಳಿಕೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಅದನ್ನು ಬರೆದಿಡದೆ ಕಳೆದುಕೊಳ್ಳುತ್ತಿರುವುದೇ ನನ್ನ ದೂರು. ಅವರು ಕೆಲಸ ಬಿಟ್ಟ ದಿನ ಅದೂ ಅವರೊಡನೆ ಹೋಗುತ್ತದೆ, ಹೊಸಬ ಮತ್ತೆ ಅಂಗಡಿಯ ಬಾಕ್ಸಿನಿಂದ ಶುರು ಮಾಡುತ್ತಾನೆ. ಎರಡು ತೆಳುವಾಷರ್ ಒಂದರ ಮೇಲೊಂದು ಹಾಕುವ ಅವರ ಉಪಾಯ ಹೇಳುತ್ತಿರುವುದಾದರೂ ಏನು? ಅಲ್ಲಿ ದಪ್ಪನೆಯ ಒಂದು ವಾಷರ್ ಬೇಕಿತ್ತು ಎಂದೇ. ಆ ಮಾತನ್ನು ಕೇಳಿಸಿಕೊಂಡು ವಿವರಕ್ಕೆ ಇಳಿಸುವುದು ಇಂಜಿನಿಯರನ ಹೊಣೆ.

ಬರೆದರೂ ಬಂದ ಮಾಲನ್ನು ಪರೀಕ್ಷಿಸುವವರಿಲ್ಲವಲ್ಲ ಎಂಬುದು ಉಳಿದ ಆಕ್ಷೇಪ. ಅರ್ಧ ಒಪ್ಪುತ್ತೇನೆ. ಪರೀಕ್ಷೆ ಇಲ್ಲದ ವಿವರ ಬರಿಯ ಕಾಗದ. ಆದರೆ ವಿವರವೇ ಇಲ್ಲದ ಕಡೆ ಪರೀಕ್ಷೆ ಎಂಬುದು ಅಸಾಧ್ಯ, ತಿರಸ್ಕರಿಸಲು ಆಧಾರವೇ ಇರುವುದಿಲ್ಲ. ವರ್ನಿಯರಿನಲ್ಲಿ ದಪ್ಪ ನೋಡಲು, ಸಮತಟ್ಟಾದ ಗಾಜಿನ ಮೇಲಿಟ್ಟು ಚಪ್ಪಟೆತನ ನೋಡಲು ದೊಡ್ಡ ಸಲಕರಣೆ ಬೇಡ. ಗಡಸನ್ನು ಅಳೆಯುವ ಯಂತ್ರ ಇಂಜಿನಿಯರಿಂಗ್ ಕಾಲೇಜುಗಳ ಲೋಹ ಪ್ರಯೋಗಶಾಲೆಗಳಲ್ಲಿ ಇದ್ದೇ ಇರುತ್ತದೆ. ರಾಯಚೂರಿನ ಕಾಲೇಜುಗಳ ವಿದ್ಯಾರ್ಥಿಗಳು ಊರಿನ ಗಿರಣಿಯಿಂದ, ಬ್ಯಾರೇಜಿನಿಂದ ತಂದ ಹತ್ತು ಮಾದರಿಗಳನ್ನು ಅಳೆದು ನೋಡಿದರೆ ಅದೇ ಒಳ್ಳೆಯ ಪ್ರಾಜೆಕ್ಟ್.

ವಿವರದಲ್ಲಿ ಇರಬೇಕಾದದ್ದು ಪುಟಗಟ್ಟಲೆ ಏನಲ್ಲ. ಒಳವ್ಯಾಸ, ಹೊರವ್ಯಾಸ, ದಪ್ಪ, ಇವುಗಳಲ್ಲಿ ಎಷ್ಟು ಏರುಪೇರು ಸಹ್ಯ; ಯಾವ ಲೋಹ, ಎಷ್ಟು ಗಡಸು; ಯಾವ ಲೇಪ; ಬರ್ ತೆಗೆದಿರಬೇಕೇ, ಒಳ ಅಂಚನ್ನು ಕೆರೆದಿರಬೇಕೇ. ಗಡಸು ಬೋಲ್ಟಿನ ದರ್ಜೆಗೆ ಹೊಂದಬೇಕು: 8.8ರವರೆಗೆ 200 ಎಚ್‌ವಿ, 10.9ಕ್ಕೆ 300 ಎಚ್‌ವಿ ಎಂಬುದು ಐಎಸ್‌ಒ ಕ್ರಮ. ಬಿಸಿ ಸತುವಿನಲ್ಲಿ ಅದ್ದಿ ತೆಗೆಯುವುದಾದರೆ ಲೇಪ ರಂಧ್ರವನ್ನು ಕಿರಿದಾಗಿಸುತ್ತದೆ, ಅಷ್ಟು ದೊಡ್ಡದಾಗಿ ಕೊರೆದಿರಬೇಕು. ತೀರ ಗಡುಸಾದ ಸ್ಪ್ರಿಂಗ್ ಉಕ್ಕಿಗೆ ವಿದ್ಯುತ್ ಲೇಪ ಕೊಟ್ಟರೆ ಜಲಜನಕ ಒಳಸೇರಿ ಅದು ಪೆಡಸಾಗುತ್ತದೆ, ಲೇಪವಾದ ಕೂಡಲೇ 200 ಡಿಗ್ರಿಯ ಸುಮಾರಿನಲ್ಲಿ ಕೆಲವು ತಾಸು ಕಾಯಿಸಬೇಕೆಂದು ಬರೆಯಬೇಕು. ಇದನ್ನು ಬಿಟ್ಟರೆ ಬಿಗಿದ ಮರುದಿನವೇ ಸದ್ದಿಲ್ಲದೆ ಸೀಳಿಹೋದೀತು. ಇವೆಲ್ಲ ಸೇರಿ ಎರಡು ಸಾಲು.

ಪ್ರತಿ ಬೇಸಿಗೆಯಲ್ಲಿ ಕೃಷ್ಣೆ ಇಳಿದು ಗೇಟುಗಳ ತಳ ಕಾಣುವ ಕೆಲವು ವಾರಗಳಿರುತ್ತವೆ, ಗಿರಣಿಗಳಿಗೂ ಸುಗ್ಗಿಗಳ ನಡುವೆ ಬಿಡುವಿರುತ್ತದೆ. ಆ ಹೊತ್ತಿಗೆ ದುರಸ್ತಿಯ ಅಂದಾಜುಪಟ್ಟಿ ಬರೆಯುವ ಇಂಜಿನಿಯರುಗಳಲ್ಲಿ, ಸಾಮಾನಿನ ಚೀಟಿ ಬರೆಯುವ ಗಿರಣಿ ಮಾಲೀಕರಲ್ಲಿ ನನ್ನ ವಿನಂತಿ ಇಷ್ಟೇ: ಬೋಲ್ಟಿನ ಅಳತೆಯ ಪಕ್ಕದಲ್ಲಿ ವಾಷರಿನ ದಪ್ಪ, ಹೊರವ್ಯಾಸ, ಲೋಹ, ಮಾನಕದ ಅಂಕಿ ಬರೆಯಿರಿ, ಮಾಲು ಬಂದ ದಿನ ಹತ್ತನ್ನು ಅಳೆದು ನೋಡಿ, ಹೊಂದದಿದ್ದರೆ ಹಿಂದಕ್ಕೆ ಕಳಿಸಿ.